ಭಾರಕ್ಕೆ ಬಾಗಿದ ಮನೆ

ಇಂಗ್ಲೆಂಡಿನ ಚೆಷೈರ್ ಸೀಮೆಯಲ್ಲಿ ಕಂದಕದ ನಡುವೆ ನಿಂತಿರುವ ಲಿಟ್ಲ್ ಮೋರ್ಟನ್ ಹಾಲ್ ಎಂಬ ಮರದ ಮನೆಯ ಚಿತ್ರವನ್ನು ಕಂಡವರು ಮೊದಲು ನಗುತ್ತಾರೆ. ಯಾವ ಗೆರೆಯೂ ನೆಟ್ಟಗೆ ತೋರದು. ಇದನ್ನು ಶಿಲ್ಪಿಯ ವಿನೋದವೆಂದು ಹೊಗಳುವವರುಂಟು, ನನಗದು ಒಪ್ಪಿಗೆಯಲ್ಲ. ಮೋರ್ಟನ್ ಮನೆತನದವರು 1504ರ ಸುಮಾರಿನಿಂದ 1610ರ ಸುಮಾರಿನವರೆಗೆ ಭಾಗಕ್ಕೆ ಭಾಗ ಕೂಡಿಸುತ್ತ ಹೋದರು. ಇಡೀ ಮನೆಯನ್ನು ಕಲ್ಪಿಸಿದ ಶಿಲ್ಪಿ ಯಾರೂ ಇಲ್ಲ. 1559ರಲ್ಲಿ ಕಿಟಕಿಗಳನ್ನು ಮಾಡಿದ ರಿಚರ್ಡ್ ಡೇಲ್ ಎಂಬ ಬಡಗಿಯ ಹೆಸರು ಮಾತ್ರ ಅಲ್ಲಿಯೇ ಕೆತ್ತಿದೆ. ಎಷ್ಟು ನ್ಯಾಯವಾದ ಹೆಮ್ಮೆ!

ಆಮೇಲೆ ದಕ್ಷಿಣದ ಕಟ್ಟಡದ ನೆತ್ತಿಗೆ ಅಡ್ಡಾಡಲೆಂದು ಉದ್ದನೆಯ ಪಡಸಾಲೆಯೊಂದು ಏರಿತು. ಅದರ ಮೇಲೆ ಕಲ್ಲುಚಪ್ಪಡಿಯ ಮಾಡು. ಆ ಭಾರಕ್ಕೆ ಕೆಳಗಿನ ಅಂತಸ್ತುಗಳು ಬಾಗಿದವು, ಆದರೆ ಬೀಳಲಿಲ್ಲ. ಮರದ ಗೂಟ ಜಡಿದು ಕೂಡಿಸಿದ ಓಕ್ ಚೌಕಟ್ಟು ಕೀಲುಕೀಲಿನಲ್ಲೂ ಮಣಿಯಬಲ್ಲದು. ಮುಂದಿನ ದುರಸ್ತಿಗಳ ನೆರವೂ ಇದೆಯೆನ್ನಿ. ಈ ಮನೆಯ ಚೆಲುವು ಇರುವುದು ಈ ಮಣಿತದಲ್ಲಿ.

ಕಣ್ಸೆಳೆಯುವ ಕಪ್ಪುಬಿಳುಪಾದರೋ 19ನೆಯ ಶತಮಾನದ ರುಚಿ. ಮೊದಲು ಮರಕ್ಕೆ ಬಣ್ಣವಿರಲಿಲ್ಲ; ನಡುವಣ ಗೋಡೆಗೆ ಹಳದಿಮಣ್ಣಿನ ಛಾಯೆಯಿತ್ತು. 1938ರಿಂದ ಮನೆಯನ್ನು ಕಾಯುತ್ತಿರುವ ನ್ಯಾಷನಲ್ ಟ್ರಸ್ಟ್ ಡೊಂಕನ್ನು ತಿದ್ದಲಿಲ್ಲ. ಆ ಬಣ್ಣವನ್ನೂ ಉಳಿಸಿಕೊಂಡಿದೆ. ಮೊದಲನೆಯದಕ್ಕೆ ನನ್ನ ಸಮ್ಮತಿಯುಂಟು, ಎರಡನೆಯದಕ್ಕಿಲ್ಲ.