ದೀಪ ಹಿಡಿದ ಹೆಣ್ಣು ರವಿವರ್ಮನದಲ್ಲ

‘ಅದು ಕ್ಯಾಲೆಂಡರ್ ಚಿತ್ರ, ಕಲೆಯಲ್ಲ.’ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರದ ಮಾತು ಬಂದಾಗಲೆಲ್ಲ ನಮ್ಮ ಕಲಾವಲಯದಲ್ಲಿ ಈ ತೀರ್ಪು ತಯಾರಾಗಿರುತ್ತದೆ. ಅದರ ಬೆನ್ನಿಗೇ ಇನ್ನೊಂದು: ಬಾಂಬೆಯ ಜೆ.ಜೆ. ಕಲಾಶಾಲೆಯ ವಾಸ್ತವವಾದವೆಲ್ಲ ಬ್ರಿಟಿಷರು ಕಲಿಸಿಕೊಟ್ಟ ನಕಲು ವಿದ್ಯೆ. ಎಷ್ಟು ಸಲ ಕೇಳಿದರೂ ಇದು ನನ್ನ ಗಂಟಲಲ್ಲಿ ಇಳಿದಿಲ್ಲ. ಈಚೀಚೆಗೆ ಸಿಟ್ಟೇ ಬರುತ್ತದೆ, ಯಾಕೆಂದರೆ ಹೀಗೆ ಹೇಳುವವರಲ್ಲಿ ಅನೇಕರಿಗೆ ಆ ಚಿತ್ರ ಬರೆದವರು ಯಾರೆಂದೇ ಗೊತ್ತಿಲ್ಲ. ರವಿವರ್ಮ ಎಂದುಬಿಡುತ್ತಾರೆ.

ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬಂದದ್ದು ಅದಾಗಿ ಸುಮಾರು ನಾಲ್ಕು ದಶಕ ಕಳೆದ ಮೇಲೆ, ಬ್ರಿಟಿಷ್ ಆಳ್ವಿಕೆಯ ಕೊನೆಗಾಲದಲ್ಲಿ. ರವಿವರ್ಮನ ಹೆಸರು ನಿಂತಿರುವುದು ತೈಲವರ್ಣದ ಮೇಲೆ; ಇದು ಕಾಗದದ ಮೇಲಿನ ಜಲವರ್ಣ. ಬರೆದವರು ಸಾವಂತವಾಡಿ ಮೂಲದ ಎಸ್.ಎಲ್. ಹಲ್ದಂಕರ್ (1882–1968). ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಅಂದರೆ ಇದು ದೇವಿಯ ಚಿತ್ರವಲ್ಲ, ಪುರಾಣದ ನಾಯಕಿಯ ಚಿತ್ರವೂ ಅಲ್ಲ. ಅಪ್ಪ ಬರೆದ ಮಗಳ ಭಾವಚಿತ್ರ.

ಜಲವರ್ಣದಲ್ಲಿ ಬೆಳಕು ಬರೆಯುವುದೆಂದರೆ ಏನೆಂದು ಕುಂಚ ಹಿಡಿದವರನ್ನು ಕೇಳಿ ನೋಡಿ. ತೈಲದಲ್ಲಿ ಕತ್ತಲೆ ಬಳಿದು, ಆಮೇಲೆ ಅದರ ಮೇಲೆ ದಪ್ಪ ಬಿಳಿ ಇಟ್ಟು ಬೆಳಕು ತರಬಹುದು. ತಪ್ಪಿದರೆ ಕೆರೆದು ಮತ್ತೆ ಬಳಿಯಬಹುದು. ಪಾರದರ್ಶಕ ಜಲವರ್ಣದಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಬೆಳಕೆಂದರೆ ಬಣ್ಣ ತಾಗದ ಕಾಗದ. ಎಲ್ಲಿ ಬಳಿಯಬಾರದು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಹಲ್ದಂಕರ್ ಆರಿಸಿಕೊಂಡದ್ದು ಇನ್ನೂ ಕಷ್ಟದ ಜಾಗ: ಹೆಣ್ಣು ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದನ್ನು ಜ್ವಾಲೆಗೆ ಅಡ್ಡ ಹಿಡಿದಿದ್ದಾಳೆ. ಬೆಳಕು ಬೆರಳುಗಳ ಮಾಂಸವನ್ನು ಹಾಯ್ದು ಬರುತ್ತದೆ. ಬೆರಳ ಅಂಚಿನಲ್ಲಿ ಕೆಂಪು ಬೆಚ್ಚಗೆ ಏರಿದೆ; ಕೆಳಗಿನಿಂದ ಬಂದ ಬೆಳಕು ಮುಖ ಮುಟ್ಟುವಷ್ಟರಲ್ಲಿ ಹೊನ್ನಾಗಿದೆ; ಸೀರೆಯ ನೇರಳೆ ಮಡಿಕೆಯಿಂದ ಮಡಿಕೆಗೆ ಕತ್ತಲೆಗೆ ಜಾರುತ್ತದೆ. ಕತ್ತಲೆ ಎಂದರೆ ಕಪ್ಪಲ್ಲ, ಪದರದ ಮೇಲೆ ಪದರವಾಗಿ ಕೂತ ಬಣ್ಣ. ಒಂದು ಪದರ ಹೆಚ್ಚಾದರೂ ರಾಡಿಯಾಗುತ್ತಿತ್ತು. ಇದನ್ನು ಕ್ಯಾಮೆರಾದ ಕೆಲಸ ಎನ್ನುವವರ ಕಣ್ಣಿನ ಬಗ್ಗೆ ನನಗೆ ಗೌರವವಿಲ್ಲ.

ನಕಲು ವಿದ್ಯೆ ಎಂಬ ತೀರ್ಪು ಎಲ್ಲಿಂದ ಬಂತು ಎಂಬುದೂ ಗೊತ್ತಿರುವುದೇ. ಹ್ಯಾವೆಲ್, ಅವನೀಂದ್ರನಾಥ, ಆನಂದ ಕುಮಾರಸ್ವಾಮಿ ಕಟ್ಟಿದ ವಾದ: ಭಾರತೀಯ ಕಲೆ ಕಣ್ಣಿಗೆ ಕಂಡದ್ದನ್ನಲ್ಲ, ಧ್ಯಾನದಲ್ಲಿ ಕಂಡದ್ದನ್ನು ಬರೆಯುತ್ತದೆ. ಸ್ವದೇಶಿ ಕಾಲಕ್ಕೆ ಆ ಮಾತು ಬೇಕಿತ್ತು, ಒಪ್ಪುತ್ತೇನೆ. ಆದರೆ ಅದರ ಹೆಸರಲ್ಲಿ ಬಂದ ಬಂಗಾಳದ ಮಂಜು ಕವಿದ ಚಿತ್ರಗಳಲ್ಲಿ ಎಷ್ಟನ್ನು ಇವತ್ತು ನಿಂತು ನೋಡಲಾಗುತ್ತದೆ? ಅವನೀಂದ್ರರ ಬಳಿ ಕಲಿತ ನಮ್ಮ ವೆಂಕಟಪ್ಪನವರು ನನಗೆ ದೊಡ್ಡವರಾಗಿ ಕಾಣುವುದು ಊಟಿಯ ನಿಸರ್ಗಚಿತ್ರಗಳಲ್ಲಿ, ಎದುರಿಗಿದ್ದ ಬೆಟ್ಟವನ್ನು ಕಣ್ಣಿಟ್ಟು ನೋಡಿದ ಕಡೆ. ನೋಡುವುದೇ ಬ್ರಿಟಿಷರ ಸೊತ್ತೇನು? ಧಾರವಾಡದಲ್ಲಿ ಹಾಲಭಾವಿ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ತಲೆಮಾರುಗಟ್ಟಲೆ ಹುಡುಗರಿಗೆ ಕೈಹಿಡಿದು ಕಲಿಸಿದ್ದು ಇದೇ ನೋಡುವ ವಿದ್ಯೆಯನ್ನು.

ಈಗ ಪ್ರಿಂಟಿನ ಮಾತು. ದೀಪದ ಹೆಣ್ಣನ್ನು ತುಚ್ಛವಾಗಿ ಕಾಣುವವರು ನೋಡಿರುವುದು ಬಹುಪಾಲು ಪ್ರಿಂಟುಗಳನ್ನೇ. ರವಿವರ್ಮ ಪ್ರೆಸ್ಸಿನ ಹಳೆಯ ಓಲಿಯೋಗ್ರಾಫ್‌ಗಳು ಬೇರೆ ಜಾತಿಯವು. ಅಲ್ಲಿ ಕಸುಬುದಾರರು ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನ ಮೇಲೆ ಚಿತ್ರವನ್ನು ಕೈಯಿಂದ ಮತ್ತೆ ಬರೆಯುತ್ತಿದ್ದರು. ಅದು ಇನ್ನೊಂದು ಕೈ ಮಾಡಿದ ಅನುವಾದ, ಕೆಳಗೆ ಹೆಸರೂ ಇರುತ್ತಿತ್ತು. ದೀಪದ ಹೆಣ್ಣಿಗೆ ಸಿಕ್ಕಿದ್ದು ನಾಲ್ಕು ಬಣ್ಣದ ಆಫ್‌ಸೆಟ್. ಭೂತಗನ್ನಡಿ ಹಿಡಿದರೆ ಬೆರಳ ಕೆಂಪು ಬರೀ ಚುಕ್ಕೆ. ಹಲ್ದಂಕರ್ ಪದರ ಪದರವಾಗಿ ತಂದ ನೆರಳನ್ನು ಕಪ್ಪು ಶಾಯಿ ಒಂದೇ ಏಟಿಗೆ ಮುಚ್ಚಿಬಿಡುತ್ತದೆ. ಮೇಲೆ ಹೊಳೆಯುವ ಲ್ಯಾಮಿನೇಷನ್. ಅದರಲ್ಲಿ ದೀಪಕ್ಕಿಂತ ಮೊದಲು ಕಾಣುವುದು ಮನೆಯ ಟ್ಯೂಬ್‌ಲೈಟು.

ಇವತ್ತಿನ ‘ಫೈನ್ ಆರ್ಟ್ ಪ್ರಿಂಟ್’ ಇನ್ನೂ ಕೇಡು. ದುಬಾರಿ ಶಾಯಿಯಲ್ಲಿ ಕ್ಯಾನ್ವಾಸ್ ಮೇಲೆ ಅಚ್ಚು ಹಾಕುತ್ತಾರೆ. ಕಾಗದದ ಮೇಲಿನ ಚಿತ್ರಕ್ಕೆ ಬಟ್ಟೆಯ ನೇಯ್ಗೆ ಯಾಕೆ? ಕೊಂಡವರು ಅದನ್ನು ತೈಲಚಿತ್ರವೆಂದೇ ನಂಬುತ್ತಾರೆ. ತೈಲಚಿತ್ರ, ಸೀರೆಯುಟ್ಟ ಹೆಣ್ಣು, ಮೈಸೂರು ಅರಮನೆ, ಇನ್ನೇನು, ರವಿವರ್ಮ! ತಪ್ಪು ಹೆಸರಿಗೆ ತಪ್ಪು ಮಾಧ್ಯಮ ಸಾಕ್ಷಿ ಹೇಳುತ್ತದೆ.

ಹಾಗೆಂದು ಆ ಪ್ರಿಂಟನ್ನು ನಡುಮನೆಯಲ್ಲಿ ತೂಗುಹಾಕಿದವರನ್ನು ನಾನು ಬಯ್ಯಲಾರೆ. ಕಳಪೆ ಅಚ್ಚಿನಲ್ಲೂ ಅವರಿಗೆ ಬೆಳಕು ಕಂಡಿತು. ಮೂಲದ ಮುಂದೆ ನಿಂತ ಪಂಡಿತರಿಗೆ ಕಾಣಲಿಲ್ಲ. ಜನಕ್ಕೆ ಹಿಡಿಸಿದ್ದೆಲ್ಲ ಅಗ್ಗ ಎಂಬ ರೋಗ ಚಿತ್ರಕಲೆಯದಷ್ಟೇ ಅಲ್ಲ. ಕಾದಂಬರಿ ಹೆಚ್ಚು ಓದಿಸಿಕೊಂಡರೆ ಅನುಮಾನ, ಭಾವಗೀತೆ ಹಾಡಿಸಿಕೊಂಡರೆ ಅನುಮಾನ, ನಾಟಕ ಕಂಪನಿಗೆ ಟಿಕೆಟ್ ಖರ್ಚಾದರೆ ಅದು ರಂಗಭೂಮಿಯೇ ಅಲ್ಲ. ತಮಗೊಬ್ಬರಿಗೇ ಅರ್ಥವಾಗುವುದನ್ನು ಅಭಿರುಚಿ ಎಂದು ಕರೆದುಕೊಂಡವರು ಕನ್ನಡದಲ್ಲಿ ಬಹಳ ಕಾಲ ತೀರ್ಪು ಕೊಟ್ಟಿದ್ದಾರೆ. ಜನರು ಜೋಪಾನ ಮಾಡಿದ ಚಿತ್ರವೊಂದರ ಕರ್ತೃವಿನ ಹೆಸರನ್ನು ಅವರಿಗೆ ತಿಳಿಸುವ ಕೆಲಸವನ್ನೂ ಇವರು ಮಾಡಲಿಲ್ಲ.

ಅಚ್ಚು ಹಾಕುವವರಲ್ಲಿ, ಮಾರುವವರಲ್ಲಿ ನನ್ನ ಕೋರಿಕೆ ಇಷ್ಟು: ಕ್ಯಾನ್ವಾಸ್ ಬಿಡಿ, ಹೊಳಪಿಲ್ಲದ ಒಳ್ಳೆಯ ಕಾಗದ ಬಳಸಿ, ಕೆಳಗೆ ‘ಎಸ್.ಎಲ್. ಹಲ್ದಂಕರ್, ಜಲವರ್ಣ’ ಎಂದು ಹಾಕಿ. ಈಗಾಗಲೇ ಗೋಡೆಯ ಮೇಲೆ ಈ ಚಿತ್ರ ಇರುವವರು ಫ್ರೇಮಿನ ಹಿಂದೆ ಆ ಹೆಸರನ್ನು ಪೆನ್ನಿನಲ್ಲಿ ಬರೆದಿಡಿ.