ಸಿರಿಯಜ್ಜಿಯ ಹಾಡು ಮತ್ತು ಅದರ ಪಾಠ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪ ಮೊದಲಾದ ಪಶುಪಾಲಕ ವೀರರ ಕಥೆಗಳು ಹೆಂಗಸರ ಕಂಠದಲ್ಲಿಯೂ ಉಳಿದುಬಂದಿವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿ ಗೊಲ್ಲರಹಟ್ಟಿಯ ಸಿರಿಯಜ್ಜಿ ಈ ಪರಂಪರೆಯಲ್ಲಿ ಅಗ್ರಗಣ್ಯಳು. ಅಕ್ಷರವನ್ನರಿಯದಿದ್ದರೂ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದ ನಾಡೋಜ ಗೌರವಕ್ಕೆ ಪಾತ್ರಳಾದ ಈಕೆಯ ಬಾಳನ್ನೂ ಹಾಡನ್ನೂ ಕೃಷ್ಣಮೂರ್ತಿ ಹನೂರರು 'ಸಾವಿರದ ಸಿರಿಬೆಳಗು' ಗ್ರಂಥದಲ್ಲಿ ಲಿಪಿಗಿಳಿಸಿದ್ದಾರೆ.

1931ರ 'ಗರತಿಯ ಹಾಡು' ಸಂಗ್ರಹದಲ್ಲಿ ಹಾಡಿದವಳಿಗೆ ದೊರೆತುದು ಗರತಿಯೆಂಬ ಸಾಮಾನ್ಯನಾಮ. ಇಲ್ಲಿಯಾದರೋ ಹಾಡಿಗೆ ಒಡತಿಯ ಹೆಸರಿದೆ. ಹೆಸರು ಬಂದ ಬಳಿಕ ಆಕೆಯನ್ನು ಆಕರವೆಂದೆಣಿಸದೆ ಕವಿಯೆಂದೇ ವಿಚಾರಿಸಬೇಕಾಗುತ್ತದೆ. ಕಥೆ ಕುಲದ್ದು, ಮಟ್ಟು ಪೂರ್ವಿಕರದು. ಹಾಗಾದರೆ ಆಕೆಯ ಸ್ವಂತವಾವುದು? ಯಾವ ಪ್ರಸಂಗವನ್ನು ಬೆಳೆಸಬೇಕು, ಯಾವುದನ್ನು ಒಂದೇ ನುಡಿಯಲ್ಲಿ ದಾಟಬೇಕು ಎಂಬ ವಿವೇಕವೆನ್ನಬೇಕು. ಮುದ್ರಣದಲ್ಲಿ ಈ ವಿವೇಕವು ಅರ್ಧ ಮಾತ್ರ ಕಾಣುತ್ತದೆ. ಸೊಲ್ಲೆತ್ತಿದವಳ ಹಿಂದೆ ಉಳಿದವರು ಅದನ್ನೇ ಮರಳಿ ಹಾಡುವಷ್ಟರಲ್ಲಿ ಮುಂದಿನ ನುಡಿಯು ಅವಳ ಮನಸ್ಸಿನಲ್ಲಿ ರೂಪುಗೊಳ್ಳುತ್ತದೆ. ಪುನರುಕ್ತಿಯೆಂದು ಸಾಮಾನ್ಯವಾಗಿ ಸಂಪಾದಕರು ಕಳೆಯುವ ಸಾಲೇ ಹಾಡುಗಾರ್ತಿಗೆ ರಚನೆಯ ಅವಕಾಶ.

ಆದುದರಿಂದ ಧ್ವನಿಮುದ್ರಣವನ್ನು ಗ್ರಂಥಕ್ಕೆ ಅನುಬಂಧವೆಂದೆಣಿಸುವುದು ಸಾಧುವಲ್ಲ. ಮೂಲಪ್ರತಿಯ ಸ್ಥಾನವು ಅದಕ್ಕೇ ಸಲ್ಲತಕ್ಕದ್ದು. ಒಂದೇ ಹಾಡು ಎರಡು ಮುದ್ರಣಗಳಲ್ಲಿ ಭೇದವಾಗಿ ದೊರೆತರೆ ಒಂದನ್ನು ಶುದ್ಧವೆಂದೂ ಇನ್ನೊಂದನ್ನು ಅಪಪಾಠವೆಂದೂ ನಿರ್ಣಯಿಸಲಾಗದು (ಓಲೆಗರಿಯ ಅಭ್ಯಾಸವು ವಿದ್ವಾಂಸರನ್ನು ಸುಲಭವಾಗಿ ಬಿಡದು). ಎರಡನ್ನೂ ಸೊಲ್ಲುಸಹಿತವಾಗಿ ಅಚ್ಚುಹಾಕಬೇಕು.