ಗುಜರಿಯ ಉಕ್ಕು, ನಿರುದ್ಯೋಗದ ವೇಳೆ

ಕಾರ್ಖಾನೆಯಿಂದ ಬಂದ ಹಳೆಯ ಕಾರೊಂದನ್ನು ಪೂರ್ತಿಯಾಗಿ ಬಿಚ್ಚಿ, ಬೇಡದ ಭಾಗಗಳನ್ನು ತೆಗೆದು ತೂಕ ಇಳಿಸಿ, ಎಂಜಿನ್ನಿನ ಬಲ ಹೆಚ್ಚಿಸಿ, ವೇಗಕ್ಕೆಂದೇ ಮತ್ತೆ ಕಟ್ಟಿದ ಬಂಡಿಯನ್ನು ಅಮೆರಿಕದಲ್ಲಿ ಹಾಟ್ ರಾಡ್ ಎಂದು ಕರೆಯುತ್ತಾರೆ. ಅದಕ್ಕೆ ‘ಸಾಂಪ್ರದಾಯಿಕ’ ಎಂಬ ವಿಶೇಷಣ ಸೇರಿದಾಗ ಕಟ್ಟುಪಾಡೊಂದು ಹುಟ್ಟುತ್ತದೆ: 1960ರ ದಶಕದ ನಡುಭಾಗಕ್ಕಿಂತ ಮುಂಚೆ ಅಲ್ಲಿನ ಹುಡುಗನೊಬ್ಬನ ಕೈಗೆ ಸಿಗಬಹುದಾಗಿದ್ದ ಬಿಡಿಭಾಗ, ಅವನಿಗೆ ತಿಳಿದಿರಬಹುದಾಗಿದ್ದ ವಿಧಾನ, ಅವನ ಕಣ್ಣು ಒಪ್ಪಬಹುದಾಗಿದ್ದ ರೂಪ, ಇಷ್ಟರ ಮೇರೆಯೊಳಗೇ ಬಂಡಿ ಸಿದ್ಧವಾಗಬೇಕು. ಈ ಕಟ್ಟುಪಾಡಿನ ಚರ್ಚೆ ಹೆಚ್ಚಾಗಿ ಸೊಗಸಿನ ಸುತ್ತಲೇ, ಅಂದರೆ ಯಾವ ಚಕ್ರ ಸರಿ, ಯಾವ ಬಣ್ಣ ತಪ್ಪು ಎಂಬುದರ ಸುತ್ತಲೇ ನಡೆದಿದೆ. ಆದರೆ ಅದರ ಒಳಗಿನ ಸತ್ವ ಪರೀಕ್ಷೆಗೆ ಒಳಗಾಗುವುದು ಕಟ್ಟುವವನ ಕೆಲಸ ಹೋಗಿ ಸಂಬಳ ನಿಂತಾಗ, ಮನೆಯ ಗ್ಯಾರೇಜಿನಲ್ಲಿ ಅರ್ಧ ಬಿಚ್ಚಿದ ಚಾಸಿ ಹಾಗೆಯೇ ಉಳಿದಿರುವಾಗ.

ಈ ಕಸುಬಿನ ಹುಟ್ಟನ್ನು ಬಡತನದ ಕತೆಯಾಗಿ ಹೇಳುವ ರೂಢಿ ಬಲವಾಗಿದೆ, ಮತ್ತು ಆ ಕತೆ ಅರ್ಧ ಮಾತ್ರ ನಿಜ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಒಣಕೆರೆಗಳ ಗಟ್ಟಿ ನೆಲದ ಮೇಲೆ ತಾವೇ ಕಟ್ಟಿದ ಬಂಡಿಗಳನ್ನು ಓಡಿಸಿದರು, ಓಟಗಳಿಗೆ ಶಿಸ್ತು ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನೂ ಕಟ್ಟಿಕೊಂಡರು. ಅವರ ಬಳಿ ಹಣ ಕಡಿಮೆ ಇದ್ದದ್ದು ಸತ್ಯ. ಆದರೆ ಅವರ ಸುತ್ತ ಗುಜರಿ ಅಪಾರವಾಗಿತ್ತು. 1908ರಿಂದ 1927ರವರೆಗೆ ಫೋರ್ಡ್ ಕಂಪನಿ ಒಂದೂವರೆ ಕೋಟಿಯಷ್ಟು ಮಾಡೆಲ್ ಟಿ ಕಾರುಗಳನ್ನು ತಯಾರಿಸಿತ್ತು. ಅದರ ಬೆನ್ನಿಗೆ ಮಾಡೆಲ್ ಎ ಬಂತು. 1932ರಲ್ಲಿ 221 ಘನ ಅಂಗುಲದ, ಅಂದರೆ ಸುಮಾರು 3.6 ಲೀಟರಿನ, 65 ಅಶ್ವಶಕ್ತಿಯ ವಿ-8 ಎಂಜಿನ್ ಜನಸಾಮಾನ್ಯರ ಕಾರಿನೊಳಕ್ಕೇ ಇಳಿಯಿತು. ವಾಲ್ವುಗಳು ಮೇಲಿನ ಹೆಡ್ಡಿನಲ್ಲಿರದೆ ಸಿಲಿಂಡರುಗಳ ಪಕ್ಕದಲ್ಲಿ ಬ್ಲಾಕಿನೊಳಗೇ ಕೂತಿರುವುದರಿಂದ ಹೆಡ್ಡು ಚಪ್ಪಟೆಯಾದ ಮುಚ್ಚಳದಂತಿರುವ ಈ ಎಂಜಿನ್ನಿಗೆ ಫ್ಲಾಟ್‌ಹೆಡ್ ಎಂಬ ಹೆಸರು ಬಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಿಮಾನಗಳ ಹೆಚ್ಚುವರಿ ಇಂಧನ ಟ್ಯಾಂಕುಗಳೂ ಗುಜರಿಗೆ ಸೇರಿದವು, ಮತ್ತು 1946ರಲ್ಲಿ ಬಿಲ್ ಬರ್ಕ್ ಅಂಥ ಒಂದು ಟ್ಯಾಂಕನ್ನೇ ಓಟದ ಬಂಡಿಯ ಮೈಯಾಗಿ ಬಳಸಿದರು. ಹೀಗೆ ಕಾಸಿಲ್ಲದ ಕೈಗೆ ಉಕ್ಕು ಧಾರಾಳವಾಗಿ ಸಿಕ್ಕಿದ್ದರಿಂದಲೇ ಈ ಕಲೆ ಹುಟ್ಟಿತು; ಎರಡರಲ್ಲಿ ಒಂದಿಲ್ಲದಿದ್ದರೂ ಅದು ಹುಟ್ಟುತ್ತಿರಲಿಲ್ಲ.

ಇಂದು ಆ ಸಮೀಕರಣ ತಲೆಕೆಳಗಾಗಿದೆ. 1932ರ ಫೋರ್ಡಿನ ಮೂಲ ಮೈ ಈಗ ಸಂಗ್ರಾಹಕರ ವಸ್ತು; ಅದೇ ಅಚ್ಚಿನ ಹೊಸ ಉಕ್ಕಿನ ಮೈಯನ್ನು ತಯಾರಿಸಿ ಮಾರುವವರಿದ್ದಾರೆ; ಹಿಂದೆ ಕಸದೊಡನೆ ಬಿದ್ದಿರುತ್ತಿದ್ದ ಸ್ಟ್ರಾಂಬರ್ಗ್ 97 ಕಾರ್ಬುರೇಟರಿಗೂ ಈಗ ಒಳ್ಳೆಯ ಬೆಲೆಯಿದೆ. ಇದರಿಂದಾಗಿ ಕಾಸಿಲ್ಲದವನ ಬಂಡಿಯಂತೆ ಕಾಣಬೇಕಾದದ್ದನ್ನು ಕಾಸುಳ್ಳವನು ಮಾತ್ರ ಕಟ್ಟಬಲ್ಲ ಎಂಬ ಸ್ಥಿತಿ ಒದಗಿದೆ, ಮತ್ತು ಈ ಪ್ರಕಾರದ ಅತಿದೊಡ್ಡ ದೌರ್ಬಲ್ಯ ಇದೇ. ಸಂಬಳ ನಿಂತವನ ಗ್ಯಾರೇಜು ಈ ಹಂತದಲ್ಲಿ ವಿಮರ್ಶೆಗೆ ಮುಖ್ಯವಾಗುತ್ತದೆ. ಕೊಳ್ಳುವ ದಾರಿ ಮುಚ್ಚಿದ ಕೂಡಲೇ ಅವನು ಹುಡುಕಬೇಕು, ಅದಲುಬದಲು ಮಾಡಿಕೊಳ್ಳಬೇಕು, ಕೆಟ್ಟದ್ದನ್ನು ರಿಪೇರಿ ಮಾಡಬೇಕು, ಇಲ್ಲದ್ದನ್ನು ಕೈಯಾರೆ ತಯಾರಿಸಬೇಕು. ಅಂದರೆ ಸಂಪ್ರದಾಯವು ಬಾಯಲ್ಲಿ ಮಾತ್ರ ಹೇಳಿಕೊಂಡು ಬಂದ ನಿಯಮಗಳನ್ನು ಅವನು ಬದುಕಿನಲ್ಲಿ ಪಾಲಿಸಬೇಕಾಗುತ್ತದೆ.

ಕೆಲಸ ಕಳೆದುಕೊಂಡವನಿಗೆ ಧಾರಾಳವಾಗಿ ಉಳಿಯುವುದು ವೇಳೆಯೊಂದೇ, ಆದರೆ ಆ ವೇಳೆ ತಾನಾಗಿ ಉಪಯೋಗಕ್ಕೆ ಬರುವುದಿಲ್ಲ. ವಿಯೆನ್ನಾ ಸಮೀಪದ ಮರೀಂಥಾಲ್ ಎಂಬ ಹಳ್ಳಿಯಲ್ಲಿ ಗಿರಣಿ ಮುಚ್ಚಿದ ಮೇಲೆ ಅಲ್ಲಿನ ಜೀವನವನ್ನು ಮಾರೀ ಯಹೋಡ ಮತ್ತು ಸಂಗಡಿಗರು ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದ ಪುಸ್ತಕ ಇದನ್ನು ಮನಮುಟ್ಟುವಂತೆ ತೋರಿಸುತ್ತದೆ: ಬಿಡುವು ಹೆಚ್ಚಿದಂತೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು, ಬೀದಿಯಲ್ಲಿ ಗಂಡಸರ ನಡಿಗೆಯೇ ನಿಧಾನವಾಯಿತು. ಉದ್ಯೋಗವು ಸಂಬಳದ ಜೊತೆಗೆ ದಿನಕ್ಕೊಂದು ಕಟ್ಟು, ಹೊರಗಿನವರ ಒಡನಾಟ, ಹಲವರು ಸೇರಿ ಸಾಧಿಸುವ ಗುರಿ, ಸಮಾಜದಲ್ಲೊಂದು ಸ್ಥಾನ, ಬಿಡದೆ ನಡೆಯುವ ಚಟುವಟಿಕೆ ಇವುಗಳನ್ನೂ ಕೊಡುತ್ತದೆ ಎಂದು ಯಹೋಡ ಮುಂದೆ ವಾದಿಸಿದರು. 2009ರ ಅಕ್ಟೋಬರಿನಲ್ಲಿ ಅಮೆರಿಕದ ನಿರುದ್ಯೋಗ ಪ್ರಮಾಣ ಶೇಕಡ 10 ಮುಟ್ಟಿದಾಗ, ಅದೇ ವರ್ಷ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಎರಡೂ ದಿವಾಳಿ ರಕ್ಷಣೆ ಕೋರಿದಾಗ, ಕಾರು ಕಟ್ಟುವುದನ್ನೇ ಬಲ್ಲ ಕೈಗಳು ಮನೆಯಲ್ಲಿ ಸುಮ್ಮನೆ ಕೂರಬೇಕಾಗಿ ಬಂದದ್ದನ್ನು ನೆನೆದರೆ ಈ ಪಟ್ಟಿಯ ಭಾರ ತಿಳಿಯುತ್ತದೆ.

ಗ್ಯಾರೇಜಿನ ಬಂಡಿ ಆ ಪಟ್ಟಿಯಲ್ಲಿ ಎಷ್ಟನ್ನು ಮರಳಿಸಬಲ್ಲದು ಎಂಬುದಕ್ಕೆ ಉತ್ತರ ಕೆಲಸದ ಸೂಕ್ಷ್ಮಗಳಲ್ಲಿದೆ. 1939ರಿಂದ 1948ರವರೆಗಿನ ಸಾಮಾನ್ಯ ಫ್ಲಾಟ್‌ಹೆಡ್ ವಿ-8 ಎಂಜಿನ್ನುಗಳಲ್ಲಿ ಪ್ರತಿ ಹೆಡ್ಡನ್ನೂ 24 ಸ್ಟಡ್ಡುಗಳು, ಅಂದರೆ ತಲೆಯಿಲ್ಲದ ಬೋಲ್ಟುಗಳು, ಹಿಡಿದಿರುತ್ತವೆ. ಬಹಳಷ್ಟು ಸ್ಟಡ್ಡುಗಳ ಬುಡ ನೀರು ಹರಿಯುವ ಪೊಳ್ಳಿಗೆ ಇಳಿದಿರುವುದರಿಂದ ದಶಕಗಳ ತುಕ್ಕು ಅವುಗಳನ್ನು ಬ್ಲಾಕಿಗೇ ಬೆಸೆದಿರುತ್ತದೆ. ಆತುರಪಟ್ಟು ತಿರುಗಿಸಿದರೆ ಸ್ಟಡ್ಡು ಮುರಿಯುತ್ತದೆ. ಎಣ್ಣೆ ಬಿಟ್ಟು ಕಾಯುವುದು, ಬುಡಕ್ಕೆ ಬೆಂಕಿ ತೋರಿಸುವುದು, ಆರಲು ಬಿಡುವುದು, ಮೆಲ್ಲಗೆ ಕುಟ್ಟುವುದು, ಒಂದು ಕೂದಲೆಳೆಯಷ್ಟು ಬಿಗಿದು ಮತ್ತೆ ಒಂದಿಷ್ಟು ಸಡಿಲಿಸುವುದು, ಹೀಗೆ ಒಂದೊಂದಕ್ಕೆ ದಿನಗಟ್ಟಲೆ ಹಿಡಿದರೂ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಭಾನುವಾರ ಮಾತ್ರ ಬಿಡುವಿರುವವನಿಗೆ ಈ ತಾಳ್ಮೆ ದುಬಾರಿಯಾಗುತ್ತದೆ. ನಾಳೆಯೂ ಗ್ಯಾರೇಜಿಗೇ ಬರಲಿರುವವನು ಅದನ್ನು ಸಹಜವಾಗಿ ಕೊಡಬಲ್ಲ. ಹೆಡ್ಡು ಎದ್ದ ಮೇಲೆ ವಾಲ್ವು ಕೂರುವ ಜಾಗದಿಂದ ಸಿಲಿಂಡರಿನವರೆಗೆ ಸೀಳು ಕಂಡುಬಂದರೆ ಮಾತ್ರ ಈ ಲೆಕ್ಕ ಮುರಿದುಬೀಳುತ್ತದೆ. ಬಿಸಿ ಹೊಗೆಯ ದಾರಿಯೂ ಬ್ಲಾಕಿನೊಳಗೇ ಹಾದುಹೋಗುವುದರಿಂದ ಈ ಎಂಜಿನ್ನು ವಿಪರೀತ ಕಾಯುತ್ತದೆ, ಸೀಳು ಅದರ ಹುಟ್ಟುರೋಗ; ಅದನ್ನು ಸರಿಪಡಿಸುವ ಕೆಲಸ ಮನೆಯಲ್ಲಿ ಆಗದು, ಲೇತು ಮತ್ತು ಬೋರಿಂಗ್ ಯಂತ್ರ ಇರುವವರಿಗೆ ಹಣ ತೆರಬೇಕು.

ತಗಡಿನ ಕೆಲಸದಲ್ಲಿ ಶ್ರಮಕ್ಕೆ ಇದಕ್ಕಿಂತ ಹೆಚ್ಚಿನ ಅಧಿಕಾರವಿದೆ. ಬಾಗಿಲಿನ ಕೆಳಗೆ ತುಕ್ಕು ತಿಂದ ಭಾಗವನ್ನು ಕತ್ತರಿಸಿ, ಸುಮಾರು 1 ಮಿಲಿಮೀಟರ್ ದಪ್ಪದ ತಗಡನ್ನು ಅದೇ ತಿರುವಿಗೆ ಬಗ್ಗಿಸಿ ಕೂರಿಸುವಾಗ, ಉದ್ದಕ್ಕೆ ಒಂದೇ ಸಲ ವೆಲ್ಡ್ ಎಳೆದರೆ ಕಾವಿಗೆ ಇಡೀ ಮೈ ಸುಕ್ಕುಗಟ್ಟುತ್ತದೆ. ಒಂದು ಚುಕ್ಕಿ ಇಲ್ಲಿ, ಇನ್ನೊಂದು ಒಂದು ಗೇಣು ಆಚೆ, ಮುಟ್ಟಿ ನೋಡುವಷ್ಟು ಆರಿದ ಮೇಲೆ ನಡುವೆ ಮತ್ತೊಂದು. ಆಮೇಲೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಟ್ಟು ಮುಂದಿನಿಂದ ಸುತ್ತಿಗೆಯ ಹದವಾದ ಪೆಟ್ಟು. ಅಂಗೈ ಸವರಿದಾಗ ಕೂಡು ತಿಳಿಯದಂತಿರುವ ಇಂಥ ತೇಪೆ ಕೊಂಡು ತಂದ ಹೊಸ ಮೈಗಿಂತ ಶ್ರೇಷ್ಠವೆಂದು ಹೇಳಲು ಹಿಂಜರಿಯಬೇಕಿಲ್ಲ, ಏಕೆಂದರೆ ಅದರಲ್ಲಿ ವಸ್ತುವಿನ ತಿಳಿವಳಿಕೆ ಮತ್ತು ಕಟ್ಟಿದವನ ದಿನಗಳು ಎರಡೂ ಸೇರಿವೆ.

ಕೊರತೆಯನ್ನೇ ಸೌಂದರ್ಯವೆಂದು ಮೆರೆಸುವ ‘ರ‍್ಯಾಟ್ ರಾಡ್’ ಎಂಬ ಕವಲನ್ನು ಮಾತ್ರ ಇದೇ ಮೆಚ್ಚುಗೆಯಿಂದ ನೋಡಲಾಗದು. ತುಕ್ಕನ್ನು ಬೇಕೆಂದೇ ಉಳಿಸುವುದು ಅಭಿರುಚಿಯ ವಿಷಯ. ಸ್ಟಿಯರಿಂಗ್ ಮತ್ತು ಬ್ರೇಕಿನಲ್ಲಿ ಕೊರತೆ ತೋರುವುದು ದಾರಿಹೋಕರ ಜೀವದ ವಿಷಯ. ಹಳೆಯ ಕಟ್ಟುಗರೇ ಇದನ್ನು ಬಲ್ಲವರಾಗಿದ್ದರು: 1938ರವರೆಗೆ ಫೋರ್ಡಿನ ಬ್ರೇಕುಗಳು ಸರಳು–ತಂತಿಗಳಿಂದ ಎಳೆಯುವಂಥವಾಗಿದ್ದು, 1939ರಲ್ಲಿ ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕು ಬಂದಾಗ ಅದನ್ನು ತಮ್ಮ ಹಳೆಯ ಬಂಡಿಗಳಿಗೆ ಅಳವಡಿಸಿಕೊಂಡದ್ದು ಸಂಪ್ರದಾಯದ ಭಾಗವೇ ಆಗಿದೆ. ಆ ಬ್ರೇಕಿನ ರಬ್ಬರ್ ಕೊಳವೆಗಳನ್ನು ಹೊಸದಾಗಿಯೇ ಕೊಳ್ಳಬೇಕು. ಕೊಳ್ಳಲು ಹಣವಿಲ್ಲದಿದ್ದರೆ ಬಂಡಿ ರಸ್ತೆಗಿಳಿಯದೆ ಕಾಯಬೇಕು. ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ: ಅಮೆರಿಕದ ಹಲವು ರಾಜ್ಯಗಳು ಮನೆಯಲ್ಲಿ ಕಟ್ಟಿದ ಬಂಡಿಯನ್ನು ನೋಂದಾಯಿಸಿಕೊಳ್ಳುತ್ತವೆ, ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಮೂಲ ವಿನ್ಯಾಸವನ್ನು ಬದಲಿಸುವುದಕ್ಕೆ ಅಡ್ಡಿ ಮಾಡುತ್ತದೆ.

ಕೈಕೆಲಸದ ಹಿರಿಮೆಯನ್ನು ಸಾರುವ ಬರಹಗಳು ಈ ಸಂದರ್ಭದಲ್ಲಿ ಪೂರ್ತಿ ನೆರವಾಗುವುದಿಲ್ಲ. ಮ್ಯಾಥ್ಯೂ ಕ್ರಾಫರ್ಡ್ 2009ರಲ್ಲಿ ಪ್ರಕಟಿಸಿದ ‘ಶಾಪ್ ಕ್ಲಾಸ್ ಆ್ಯಸ್ ಸೋಲ್‌ಕ್ರಾಫ್ಟ್’ ಅಂಥ ಬರಹಗಳಲ್ಲಿ ಪ್ರಸಿದ್ಧವಾದದ್ದು. ಆದರೆ ಅವರು ತೆರೆದದ್ದು ಗಿರಾಕಿಗಳು ಹಣ ಕೊಟ್ಟು ಬರುವ ಮೋಟಾರ್‌ಸೈಕಲ್ ರಿಪೇರಿ ಅಂಗಡಿ. ಗ್ಯಾರೇಜಿನ ಹಾಟ್ ರಾಡಿಗೆ ಗಿರಾಕಿಯಿಲ್ಲ. ಅದು ದಿನಕ್ಕೆ ಕಟ್ಟು ಕೊಡುತ್ತದೆ, ಎಂಜಿನ್ ಎತ್ತುವ ಸರಪಳಿ ಎರವಲು ಕೊಟ್ಟವನ ಗೆಳೆತನ ಕೊಡುತ್ತದೆ, ‘ಏನು ಮಾಡುತ್ತಿದ್ದೀರಿ’ ಎಂಬ ಪ್ರಶ್ನೆಗೆ ತಲೆತಗ್ಗಿಸದೆ ಹೇಳಬಹುದಾದ ಉತ್ತರ ಕೊಡುತ್ತದೆ. ಮನೆಯ ಸಾಲದ ಕಂತನ್ನು ಕೊಡುವುದಿಲ್ಲ. ಆ ಕಂತು, ಅಡಿಗೆಮನೆಯ ಖರ್ಚು, ಅಮೆರಿಕದಲ್ಲಿ ಬಹುಮಟ್ಟಿಗೆ ಉದ್ಯೋಗಕ್ಕೆ ಅಂಟಿಕೊಂಡೇ ಬರುವ ಆರೋಗ್ಯ ವಿಮೆ ಬಹಳ ಸಲ ಹೆಂಡತಿಯ ಸಂಬಳದ ಮೇಲೆ ನಿಲ್ಲುತ್ತವೆ. ಮರೀಂಥಾಲಿನಲ್ಲಿಯೂ ಗಿರಣಿ ಮುಚ್ಚಿದ ಮೇಲೆ ವೇಳೆ ಸಡಿಲವಾದದ್ದು ಗಂಡಸರಿಗೆ. ಹೆಂಗಸರಿಗೆ ಮನೆಗೆಲಸ ಹಾಗೆಯೇ ಇತ್ತು. ಈ ಕಸುಬಿನ ಹೊಗಳಿಕೆಯಲ್ಲಿ ಒಂಟಿಯಾಗಿ ಬಂಡಿ ಕಟ್ಟಿದ ಗಂಡಸೇ ನಾಯಕನಾಗುವುದು ಆದ್ದರಿಂದ ಅನ್ಯಾಯವೆನಿಸುತ್ತದೆ, ಏಕೆಂದರೆ ಗ್ಯಾರೇಜಿನ ದೀಪದ ಬಿಲ್ಲು ಕಟ್ಟಿದವರೂ ಆ ಬಂಡಿಯನ್ನು ಕಟ್ಟಿದವರೇ.

ಹೊಸ ಕೆಲಸ ಸಿಕ್ಕ ಮೇಲೆ ಉಳಿಯುವ ವೇಳೆ ಮತ್ತೆ ಭಾನುವಾರದಷ್ಟಾಗುತ್ತದೆ, ಕೈಗೆ ಹಣ ಬರುತ್ತದೆ, ಮಿಕ್ಕ ವೈರಿಂಗು, ಗಾಜು, ಸೀಟಿನ ಹೊದಿಕೆಗಳು ಕ್ಯಾಟಲಾಗಿನಿಂದ ಬರತೊಡಗುತ್ತವೆ. ಅಂಥ ಬಂಡಿಯನ್ನು ಬಲ್ಲವರು ಮೊದಲು ಕೆಳಗೆ ಬಗ್ಗಿ ನೋಡುತ್ತಾರೆ: ಹೊಳೆಯುವ ಹೊಸ ಗೇಜುಗಳ ಕೆಳಗೆ, ಚಾಸಿಯ ಅಡ್ಡಪಟ್ಟಿಯಲ್ಲಿ, ಬೇರಾವುದೋ ಟ್ರಕ್ಕಿನಿಂದ ಕತ್ತರಿಸಿ ತಂದು ಅರದಿಂದ ಉಜ್ಜಿ ಕೂರಿಸಿದ ಉಕ್ಕಿನ ತುಂಡೊಂದು, ಅದರ ಅಂಚಿನಲ್ಲಿ ಸಾಲಾಗಿ, ಒಂದೇ ಅಳತೆಯಲ್ಲಿ, ಅವಸರವಿಲ್ಲದ ವೆಲ್ಡಿನ ಚುಕ್ಕಿಗಳು.